ನಮ್ಮ ಗಾಜಿನ ತೊಟ್ಟಿಯ ಒಕ್ಕಲು

ಶೃಂಗೇರಿಯಲ್ಲಿ ಮೀನುಗಳಿಗೆ ಮಂಡಕ್ಕಿ ಎರಚಿದವರು ಬಲ್ಲರು: ಅಲ್ಲಿ ತುಂಗೆ ಹರಿಯುತ್ತಾಳೆ, ಕೊಳೆಯನ್ನೂ ಒಯ್ಯುತ್ತಾಳೆ. ನರೋಡಾದ ನಮ್ಮ ಮನೆಯ ಗಾಜಿನ ತೊಟ್ಟಿಗೆ ಅಂಥ ಭಾಗ್ಯವೆಲ್ಲಿ? ಆದ್ದರಿಂದ ಮೀನಿಗಿಂತ ಮೊದಲು ಸ್ಪಂಜಿನ ಫಿಲ್ಟರನ್ನು ತಂದೆವು.

ಪುಟ್ಟ ಪಂಪು ಕೊಳವೆಯಲ್ಲಿ ಗಾಳಿಯೂದುತ್ತದೆ; ಗುಳ್ಳೆಗಳು ಮೇಲೇರುವಾಗ ನೀರು ಸ್ಪಂಜಿನ ಮೂಲಕ ಹಾದುಬರುತ್ತದೆ. ಕರೆಂಟು ಹೋದಾಗ ನೀರು ಹಿಂದಕ್ಕೆ ಹರಿಯದಿರಲೆಂದು ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟೆವು.

ಫಿಲ್ಟರೆಂದರೆ ಕಸ ಸೋಸುವ ಜರಡಿಯಷ್ಟೇ ಅಲ್ಲ. ಮೀನು ಹೊರಬಿಡುವ ಅಮೋನಿಯಾ ಮೀನಿಗೇ ವಿಷ. ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಒಕ್ಕಲು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕ್ಲೋರಿನ್ ಕಳೆದ ನೀರಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ ಕಾದೆವು. ಅದು ಕೊಳೆತು ಹುಟ್ಟುವ ಅಮೋನಿಯಾವೇ ಇವಕ್ಕೆ ಊಟ.

ಮಕ್ಕಳು ಮುನಿಸಿಕೊಂಡರು, ನೆರೆಯವರು “ಮಾಛಲೀ ಕ್ಯಾಂ?” ಎಂದು ನಕ್ಕರು. ಆದರೆ ನಮ್ಮ ಅವಸರಕ್ಕೆ ಪ್ರಾಣ ತೆರುವುದು ಮೀನೇ ತಾನೇ? ಪರಊರಿನಲ್ಲಿ ಬೇರೂರಲು ನಮಗೂ ಕಾಲ ಹಿಡಿಯಿತೆಂದು ಮಕ್ಕಳಿಗೆ ಹೇಳಿದೆವು. ಪರೀಕ್ಷೆಯ ಹನಿಗಳು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯೆಂದು ತೋರಿಸಿದ ಮೇಲೆಯೇ 4 ಗಪ್ಪಿಗಳು ಬಂದವು.

ಇನ್ನೊಂದು ಮಾತು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಕ್ಲೋರಿನ್ ಆ ಒಕ್ಕಲನ್ನೇ ಎಬ್ಬಿಸಿಬಿಟ್ಟೀತು. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲನೆ ಹಿಂಡಿದರೆ ಸಾಕು.