ಉಪಗ್ರಹಕ್ಕೊಂದು ಅಂಗಿ

ಕಳೆದ ವಾರ ಅಮ್ಮನಿಗೆ ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ಆಪರೇಷನ್ ಆಯ್ತು. ಭದ್ರಾವತಿಗೆ ವಾಪಸ್ ಬರುವಾಗ ಕಣ್ಣ ಮೇಲೆ ತೂತು ತೂತಾದ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಮೆಲ್ಲಗೆ ಮುಟ್ಟಿ ನೋಡಿ, "ಇದೂ ನಿಮ್ಮ ಸ್ಯಾಟಲೈಟಿನ ಹಂಗೇ ಕಣೋ, ಒಳಗೆ ಎಲ್ಲೂ ತಾಗ್ತಿಲ್ಲ" ಅಂದಳು. ನಗು ಬಂತು. ಆ ಕಥೆ ನಿಮಗೂ ಹೇಳೋಣ ಅನ್ನಿಸ್ತು.

ಅಮ್ಮ ಟೈಲರ್. ನಮ್ಮ ಬಡಾವಣೆಯ ಅರ್ಧ ಜನರ ರವಿಕೆ ಹೊಲಿದವಳು. ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ನಾಲ್ಕು ಜನ ಸೇರಿ ಪುಟ್ಟ ಉಪಗ್ರಹದ ಮಾದರಿ ಮಾಡಿದ್ವಿ. ಬಲೂನಿಗೆ ಕಟ್ಟಿ ಹಗ್ಗದಲ್ಲಿ ಮೇಲೆ ಬಿಡೋದು, ಅಲ್ಲಿ ಎರಡು ಸೋಲಾರ್ ರೆಕ್ಕೆ ಬಿಚ್ಚಿಕೊಳ್ಳೋದು, ಕ್ಯಾಮೆರಾ ಫೋಟೋ ತೆಗೆಯೋದು. ಒಂದು ದಿನ ನನ್ನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಒಂದು ಸೆಲ್ ಬಿರುಕು ಬಿಟ್ಟಿತು. ಇನ್ನೊಂದಕ್ಕೆ ದುಡ್ಡಿರಲಿಲ್ಲ. ಉಳಿದದ್ದನ್ನಾದ್ರೂ ಕಾಪಾಡಬೇಕಲ್ಲ?

ಥರ್ಮೋಕೋಲ್ ಮುಚ್ಚಿದ್ವಿ, ಅದರ ಪುಡಿ ಸ್ಥಿರ ವಿದ್ಯುತ್ತಿಗೆ ಎಲ್ಲ ಕಡೆ ಅಂಟಿಕೊಂಡಿತು. ಅಕ್ರಿಲಿಕ್ ಇಟ್ವಿ, ಭಾರಕ್ಕೆ ರೆಕ್ಕೆಯ ಕೀಲೇ ಬಾಗಿತು. ನಿಜವಾದ ಉಪಗ್ರಹಗಳಿಗೂ ಇದೇ ತಾಪತ್ರಯ. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಆರ್ಯಭಟಕ್ಕೆ ರೆಕ್ಕೆ ಇರಲಿಲ್ಲ, ಸೆಲ್ಲುಗಳು ಮೈಗೇ ಅಂಟಿಕೊಂಡಿದ್ದವು. ರೆಕ್ಕೆ ಬಂದ ಮೇಲೆ ಕಷ್ಟವೂ ಬಂತು. 1981ರ ಆಪಲ್ ಉಪಗ್ರಹದ ಎರಡು ರೆಕ್ಕೆಗಳಲ್ಲಿ ಒಂದು ಬಿಚ್ಚಲೇ ಇಲ್ಲ. ಹಾಗಾಗಿ ನೆಲದ ಮೇಲೇ ಬಿಚ್ಚಿ ಬಿಚ್ಚಿ ನೋಡಬೇಕು. ಆದರೆ ಅದು ತೂಕವಿಲ್ಲದ ಜಾಗಕ್ಕೆ ಮಾಡಿದ ರೆಕ್ಕೆ, ಇಲ್ಲಿ ತನ್ನ ಭಾರವೇ ತನಗೆ ಹೆಚ್ಚು. ಮೇಲಿನಿಂದ ತೂಗುಹಾಕಿ ಬಿಚ್ಚುತ್ತಾರೆ. ಸೆಲ್ ಮೇಲಿನ ಗಾಜು ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ. ಕವರ್ ಇಲ್ಲದಿದ್ರೆ ಒಂದು ಸ್ಪ್ಯಾನರ್ ಬಿದ್ರೆ ಮುಗೀತು, ಇದ್ರೆ ಅದರ ಭಾರದ ಕಾಟ.

ಭಾನುವಾರ ಎಲ್ಲ ಹೊತ್ಕೊಂಡು ಮನೆಗೆ ಹೋದೆ. ಅಮ್ಮ ಕೇಳಿದ ಮೊದಲ ಪ್ರಶ್ನೆ, "ಬಟ್ಟೆ ಇದರ ಮೈಗೆ ತಾಗಬಹುದಾ?" ನಾಲ್ಕು ಜನ ಭಾವಿ ಇಂಜಿನಿಯರುಗಳಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ! ಮಲಗಿದ ಮಗುವಿನ ಮೇಲೆ ಇಡೋ ಸೊಳ್ಳೆಪರದೆ ಥರ ಮಾಡೋಣ ಅಂದಳು. ತೆಳು ತಂತಿಯ ಕಮಾನು, ಅದರ ಮೇಲೆ ಹೊದಿಕೆ. ಹತ್ತಿ ಬಟ್ಟೆ ಬೇಡ, ಎಳೆ ಉದುರುತ್ತೆ. ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯಿಂದ ಮದರ್‌ಬೋರ್ಡ್ ಬರುವ ಆಂಟಿಸ್ಟ್ಯಾಟಿಕ್ ಚೀಲ ಬೇಡಿ ತಂದಿದ್ದೆ, ಅದನ್ನೇ ಕತ್ತರಿಸಿದಳು. ಬರೀ ಹೊಲಿದರೆ ಸೂಜಿ ತೂತಿನ ಗುಂಟ ಹರಿಯುತ್ತೆ ಅಂತ ಅಂಚಿಗೆ ಟೇಪ್ ಕೊಟ್ಟು ಹೊಲಿದಳು. ರವಿಕೆಗೆ ಉಲ್ಟಾ, ಹೊಲಿಗೆಯ ಅಂಚೆಲ್ಲ ಹೊರಗೆ. ದಾರದ ಚೂರು ಒಳಗೆ ಬೀಳಬಾರದಲ್ಲ. ಅಕ್ಕಸಾಲಿಯವರ ತಕ್ಕಡಿಯಲ್ಲಿ ತೂಗಿಸಿದ್ರೆ 18 ಗ್ರಾಂ! ಕೊನೆಗೆ ಒಂದು ಮೊಳ ಕೆಂಪು ರಿಬ್ಬನ್ನಿನ ಬಾಲ, ತೆಗೆಯೋದು ಮರೀಬಾರದು ಅಂತ.

ಕ್ಯಾಮೆರಾ ಮುಚ್ಚಳ ಮಾತ್ರ ನಾನೇ ಮಾಡಿದ್ದೆ. ಕಪ್ಪು ಬಣ್ಣ, ಬಾಲ ಇಲ್ಲ. ಬಲೂನು ಹೋಯ್ತು, ರೆಕ್ಕೆ ಚೆನ್ನಾಗಿ ಬಿಚ್ಚಿತು, ಫೋಟೋಗಳೆಲ್ಲ ಕಪ್ಪು. ಸಾಫ್ಟ್‌ವೇರ್ ನನ್ನದು, ಬೈಗುಳವೂ ನನಗೇ. ಬೆಳಗಿನ ಜಾವದವರೆಗೆ ಕೋಡಿನಲ್ಲಿ ಬಗ್ ಹುಡುಕಿದೆ. ಅದು ಲೆನ್ಸಿನ ಮೇಲೆ ಕೂತಿತ್ತು :-)

ಬಾಲ ಇದ್ದಿದ್ರೆ ಅಂತ ಅಮ್ಮನ ಹತ್ರ ಗೋಳಾಡಿದೆ. "ಬಾಲ ಇದ್ರೆ ಸಾಕಾ? ಎಣಿಸಬೇಕಪ್ಪ" ಅಂದಳು. ರವಿಕೆ ಕೊಡೋ ಮುಂಚೆ ಗುಂಡುಪಿನ್ನು ಎಣಿಸಿ ಡಬ್ಬಿಗೆ ಹಾಕೋದು ಅವಳ ರೂಢಿ. ಒಮ್ಮೆ ಯಾರಿಗೋ ಚುಚ್ಚಿ ಗಲಾಟೆಯಾಗಿತ್ತಂತೆ. ಅವಳು ಹೇಳಿದ್ದು ನಿಜ. 2018ರಲ್ಲಿ ಬ್ರಿಸ್ಬೇನ್‌ನಿಂದ ಹೊರಟ ಮಲೇಷ್ಯಾದ ವಿಮಾನವೊಂದು, ವೇಗ ಅಳೆಯುವ ಕೊಳವೆಗಳ ಕವರ್ ಸಮೇತ ಮೇಲೇರಿತ್ತು. ಕಣಜ ಗೂಡು ಕಟ್ಟದಿರಲಿ ಅಂತ ಹಾಕಿದ್ದು. ಅವಕ್ಕೆ ಕೆಂಪು ಬಾಲವೂ ಇತ್ತು! ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಮ್ಮ ಎರಡನೇ ಹಾರಾಟದಲ್ಲಿ ಮೂರು ಕವರಿಗೂ ನಂಬರ್ ಬರೆದು, ಮೂರೂ ನನ್ನ ಜೇಬಿಗೆ ಬಂದ ಮೇಲೇ ಹಗ್ಗ ಬಿಟ್ಟಿದ್ದು.

ಒಂದು ವರ್ಷದಿಂದ ಅಮ್ಮನಿಗೆ ಸೂಜಿಗೆ ದಾರ ಪೋಣಿಸೋಕೇ ಆಗ್ತಿರಲಿಲ್ಲ. ಬೆಂಗಳೂರಲ್ಲಿದ್ದ ನನಗೆ ಹೇಳಿರಲಿಲ್ಲ. ಪಿನ್ನಿನ ಡಬ್ಬಿ ಅಟ್ಟಕ್ಕೆ ಹೋಗಿದ್ದು ನೋಡಿ ಗೊತ್ತಾಯ್ತು. ಈಗ ರಾತ್ರಿ ಮಲಗುವಾಗ ಮಾತ್ರ ಮುಚ್ಚಳ. ಬೆಳಿಗ್ಗೆ ತೆಗೆದ ತಕ್ಷಣ ಮಾಡೋ ಮೊದಲ ಕೆಲಸ, ಕಿಟಕಿ ಹತ್ರ ನಿಂತು ದಾರ ಪೋಣಿಸಿ ನೋಡೋದು. ಇನ್ನೂ ಆಗಿಲ್ಲ. ಡಾಕ್ಟರು ಒಂದು ತಿಂಗಳು ಕಾಯಿರಿ ಅಂದಿದ್ದಾರೆ.