ಆಯಿ ನಿಲ್ಲಿಸುತ್ತಿದ್ದ ಸಾಲು

ಜನಪದ ಸಾಹಿತ್ಯದ ಕ್ಷೇತ್ರಕಾರ್ಯಕ್ಕೆ ಹೊರಡುವ ನಮ್ಮ ವಿಭಾಗದ ವಿದ್ಯಾರ್ಥಿಗಳು ಪ್ರತಿವರ್ಷವೂ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ: “ಸರ್, ಹಾಡುವವರು ನಡುವೆ ಸಾಲು ಮರೆತರೆ ಏನು ಬರೆದುಕೊಳ್ಳಬೇಕು?” ನಾನು ವಿದ್ಯಾರ್ಥಿಯಾಗಿದ್ದಾಗ ಇದಕ್ಕೆ ಉತ್ತರ ಗೊತ್ತಿದೆಯೆಂದೇ ತಿಳಿದಿದ್ದೆ. ಆ ತಿಳಿವಳಿಕೆ ಎಷ್ಟು ತಪ್ಪಾಗಿತ್ತೆಂಬುದನ್ನು ಹೇಳಿಕೊಳ್ಳುವುದಕ್ಕಾಗಿ ಈ ಬರಹ.

ನಮ್ಮೂರು ಮಕ್ತಲ್ ಸೀಮೆಯದು, ಕೃಷ್ಣೆಯ ದಡಕ್ಕೆ ಸಮೀಪದ್ದು. ಹೊಳೆಯ ಆಚೆಗೆ ರಾಯಚೂರು ಸೀಮೆ. 1956ರವರೆಗೆ ಎರಡು ದಡಗಳೂ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದ ಪಾಲಾದವು. ಮಕ್ತಲ್, ನಾರಾಯಣಪೇಟೆಗಳನ್ನು ಒಳಗೊಂಡ ಮಹಬೂಬನಗರ ಜಿಲ್ಲೆಯೂ ಅತ್ತಲೇ ಹೋಯಿತು. ಈಗ ಅವೆಲ್ಲ ತೆಲಂಗಾಣದಲ್ಲಿವೆ. ಗದ್ವಾಲ 2016ರಲ್ಲಿಯೂ ನಾರಾಯಣಪೇಟೆ 2019ರಲ್ಲಿಯೂ ಪ್ರತ್ಯೇಕ ಜಿಲ್ಲೆಗಳಾದವು. ನನ್ನ ಅಜ್ಜಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಅವಳ ತವರು ರಾಯಚೂರು ಕಡೆಯ ಹಳ್ಳಿ, ಗಂಡನ ಮನೆ ಮಕ್ತಲ್ ಕಡೆಯದು. ಅವಳ ತಂಗಿ ಸಣ್ಣಾಯಿಯನ್ನು ಗದ್ವಾಲಕ್ಕೆ ಕೊಟ್ಟಿದ್ದರು. ಆಯಿ ತವರಿನಿಂದ ಕನ್ನಡವನ್ನು ತಂದಳು, ಅತ್ತೆಯ ಮನೆಯಲ್ಲಿ ತೆಲುಗನ್ನು ಕಲಿತಳು. ಅವಳ ಹಾಡಿನಲ್ಲಿ ಎರಡೂ ಇದ್ದವು.

ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದರೂ ಬೇಳೆ ಒಡೆಯುವ ದಿನ ಆಯಿ ಬೀಸುಕಲ್ಲಿಗೇ ಕೂರುತ್ತಿದ್ದಳು. ಚೌಕಡಿಯ ನಾರಾಯಣಪೇಟೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೂಟ ಹಿಡಿದಳೆಂದರೆ ಹಾಡು ತಾನಾಗಿ ಬರುತ್ತಿತ್ತು. ಹೆಚ್ಚಾಗಿ ಅವಳು ಹಾಡುತ್ತಿದ್ದುದು ಭಾಗೀರಥಿಯ ಕಥೆಯನ್ನು. ‘ಕೆರೆಗೆ ಹಾರ’ ಎಂಬ ಹೆಸರಿನಲ್ಲಿ ನೀವೆಲ್ಲರೂ ಓದಿರುವ ಕಥನಗೀತೆಯ ನಮ್ಮ ಸೀಮೆಯ ರೂಪ ಅದು. ನೀರು ಬೀಳದ ಕೆರೆಗೆ ತನ್ನನ್ನು ಬಲಿ ಕೊಡುವರೆಂದು ತಿಳಿದ ಕಿರಿಸೊಸೆ ತವರಿಗೆ ಹೋಗುತ್ತಾಳೆ. ಮಗಳ ಮುಖ ಬಾಡಿರುವುದನ್ನು ಕಂಡು ತಂದೆ ಕಾರಣ ಕೇಳುತ್ತಾನೆ. ಅವಳು ನಿಜವನ್ನು ಮುಚ್ಚಿಟ್ಟು ಬೇರೇನನ್ನೋ ಹೇಳುತ್ತಾಳೆ. ಆಯಿ ಯಾವಾಗಲೂ ತಂದೆಯ ಪ್ರಶ್ನೆಯವರೆಗೆ ಹಾಡಿ ಸುಮ್ಮನಾಗುತ್ತಿದ್ದಳು. ಕಲ್ಲು ತಿರುಗುತ್ತಲೇ ಇರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಭಾಗೀರಥಿ ತವರಿನಿಂದ ಹೊರಟ ಕಡೆಯಿಂದ ಹಾಡು ಮತ್ತೆ ಮುಂದುವರಿಯುತ್ತಿತ್ತು.

ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಕ್ಷೇತ್ರಕಾರ್ಯಕ್ಕೆಂದು ನಾನು ಆರಿಸಿಕೊಂಡದ್ದು ಆಯಿಯ ಹಾಡುಗಳನ್ನೇ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ನನಗೆ ಆದರ್ಶವಾಗಿತ್ತು. ಎರಡು ಕ್ಯಾಸೆಟ್ ತುಂಬ ಹಾಡು ತುಂಬಿಕೊಂಡು ಬಂದು ಪ್ರತಿ ಮಾಡಿದೆ. ಭಾಗೀರಥಿಯ ಹಾಡಿನ ಆ ಜಾಗದಲ್ಲಿ, ‘ವಯಸ್ಸಿನ ಕಾರಣ ಹಾಡುಗಾರ್ತಿ ಇಲ್ಲಿ ಕೆಲವು ಸಾಲುಗಳನ್ನು ಮರೆತಿದ್ದಾರೆ’ ಎಂದು ಟಿಪ್ಪಣಿ ಬರೆದು, ಅಚ್ಚಾದ ಪಠ್ಯದಿಂದ ಸಾಲುಗಳನ್ನು ತಂದು ತುಂಬಿದೆ. ‘ಚೆರುವು’ ಎಂದಿದ್ದಲ್ಲಿ ‘ಕೆರೆ’ ಎಂದು ತಿದ್ದಿದೆ. ತಂದೆಯು ಮಗಳನ್ನು ‘ಬಿಡ್ಡ’ ಎಂದು ಕರೆಯುವಲ್ಲಿ ಅದನ್ನು ಹೊಡೆದುಹಾಕಿ ‘ಮಗಳೆ’ ಎಂದು ಬರೆದೆ. ಅಂಕಗಳು ಚೆನ್ನಾಗಿಯೇ ಬಂದವು. ರಜೆಯಲ್ಲಿ ಊರಿಗೆ ಹೋದಾಗ ಆ ಪ್ರತಿಯನ್ನು ಆಯಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, “ಚಲೋ ಅದ ತಮ್ಮಾ. ಖರೆ, ಇದು ನನ್ನ ಹಾಡಲ್ಲ” ಎಂದಳು. ನಾನು ನಕ್ಕು ಸುಮ್ಮನಾದೆ.

ಅದಾಗಿ ನಾಲ್ಕು ವರ್ಷಕ್ಕೆ ಆಯಿ ತೀರಿಕೊಂಡಳು. ಕರ್ಮಾದಿಗಳೆಲ್ಲ ಮುಗಿದ ಮೇಲೆ, ಗದ್ವಾಲದಿಂದ ಬಂದಿದ್ದ ಸಣ್ಣಾಯಿಯ ಮುಂದೆ ಕುಳಿತು ಆ ಪುಸ್ತಕವನ್ನು ಓದಿದೆ. ಟಿಪ್ಪಣಿಯ ಬಳಿ ಬಂದಾಗ ಅವಳು ನನ್ನನ್ನು ತಡೆದು, “ಮರ್ತಾಳಂತ ನಿನಗ ಯಾರಂದ್ರು?” ಎಂದು ಕೇಳಿದಳು. ಆಮೇಲೆ ಹೇಳಿದ ಸಂಗತಿ ಇದು.

ನಾಗಾರ್ಜುನಸಾಗರದ ಆಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ. ಪಾಲಮೂರು ಎಂಬುದು ಮಹಬೂಬನಗರದ ಹಳೆಯ ಹೆಸರು. ಮಣ್ಣು ಹೊರಲು, ಕಲ್ಲು ಒಡೆಯಲು ಊರೂರು ತಿರುಗಿದ ಅಲ್ಲಿನ ಜನರಿಗೆ ‘ಪಾಲಮೂರು ಕೂಲಿಗಳು’ ಎಂಬ ಹೆಸರೇ ನಿಂತುಹೋಗಿದೆ. ನಮ್ಮ ಮುತ್ಯಾನೂ ಮೇಸ್ತ್ರಿಯೊಬ್ಬನ ಗುಂಪಿನಲ್ಲಿ ಅಲ್ಲಿಗೆ ಹೋಗಿದ್ದ. ಆ ಬೇಸಿಗೆಯಲ್ಲಿ ಆಯಿಯ ಮೊದಲ ಕೂಸು, ಎರಡು ವರ್ಷವೂ ತುಂಬದ ಹೆಣ್ಣುಮಗು, ಜ್ವರದಿಂದ ತೀರಿಕೊಂಡಿತು. ಅದಾಗಿ ಎರಡು ವಾರಕ್ಕೆ ತವರಿನಲ್ಲಿ ಸಣ್ಣಾಯಿಯ ಮದುವೆ. ಸುದ್ದಿ ಮುಟ್ಟಿದರೆ ಮದುವೆ ನಿಲ್ಲುತ್ತದೆಂದು ಹೆದರಿ, ಹೇಳಿ ಕಳುಹಿಸಬೇಡಿರೆಂದು ಆಯಿ ಅತ್ತೆಯ ಕಾಲು ಹಿಡಿದಿದ್ದಳಂತೆ. ಬತ್ತಿದ ಹೊಳೆಯನ್ನು ನಡೆದು ದಾಟಿ ಒಬ್ಬಳೇ ತವರಿಗೆ ಬಂದಳು. ಹಂದರದ ಕೆಳಗೆ ನಿಂತಿದ್ದ ತಂದೆ, ಮುಖ ಯಾಕೆ ಬಾಡಿದೆ, ಕೂಸು ಎಲ್ಲಿ ಎಂದು ಕೇಳಿದ. “ಬಿಸಿಲಾಗ ನಡದು ಬಂದೀನಪ್ಪ. ಕೂಸಿನ್ನ ಅತ್ತಿ ಹಂತೇಲಿ ಬಿಟ್ಟು ಬಂದೀನಿ” ಎಂದಳಂತೆ.

ಮೂರು ದಿನ ಅವಳು ಅಡುಗೆ ಮಾಡಿದಳು, ಅರಿಷಿಣ ಹಚ್ಚಿದಳು, ಸೋಬಾನ ಹಾಡಿದಳು. ಹೆಣ್ಣನ್ನು ಗದ್ವಾಲಕ್ಕೆ ಕಳುಹಿಸಿಕೊಡುವ ಹೊತ್ತಿನಲ್ಲಿ ಒಪ್ಪಿಸುವ ಹಾಡನ್ನು ಹಾಡುತ್ತ ಹಾಡುತ್ತ ಬೋರಾಡಿ ಅತ್ತಳು. ಇಬ್ಬರು ಹಿಡಿದು ಕೂರಿಸಬೇಕಾಯಿತು. ತಂಗಿಯ ಮೇಲೆ ಎಂಥ ಮಾಯೆಯೆಂದು ನೆರೆದವರು ಮೆಚ್ಚಿಕೊಂಡರಂತೆ. “ನನ್ನ ಸಲುವಾಗಿ ಅಳ್ತಾಳಂತ ನಾನೂ ತಿಳ್ಕೊಂಡಿದ್ದೆ” ಎಂದಳು ಸಣ್ಣಾಯಿ. ನಿಜ ಅವಳಿಗೆ ತಿಳಿದದ್ದು ಮರುವರ್ಷ. ಆ ಕೂಸಿಗೆ ಹೆಸರಿಟ್ಟಿದ್ದರೂ ಮನೆಯಲ್ಲಿ ಎಲ್ಲರೂ ಅದನ್ನು ‘ಬಿಡ್ಡ’ ಎಂದೇ ಕರೆಯುತ್ತಿದ್ದರು. ನಾನು ಹೊಡೆದುಹಾಕಿದ ಪದ ಅದು.

ಅಲ್ಲಿಂದೀಚೆಗೆ ದುಃಖದ ಹಾಡುಗಳನ್ನು ನಾನು ಬೇರೆ ರೀತಿಯಲ್ಲಿ ಕೇಳುತ್ತ ಬಂದಿದ್ದೇನೆ. ನಮ್ಮ ಕಡೆ ಮೊಹರಂ ಹಿಂದೂಗಳದೂ ಹೌದು, ಮುಸಲ್ಮಾನರದೂ ಹೌದು. ಅಲಾಯಿ ಕುಣಿಯ ಸುತ್ತ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕರ್ಬಲೆಯ ಪದಗಳನ್ನು ಹಾಡುತ್ತಾರೆ. 680ನೆಯ ಇಸವಿಯಲ್ಲಿ, ಎಲ್ಲಿಯೋ ದೂರದ ಯೂಫ್ರೆಟಿಸ್ ನದಿಯ ಬಳಿ ನೀರಿಲ್ಲದೆ ಬಳಲಿ ಮಡಿದ ಹುಸೇನರಿಗಾಗಿ, ಅವರ ಹಸುಗೂಸಿಗಾಗಿ, ಕೃಷ್ಣೆಯ ದಡದ ಹೆಂಗಸರು ಕಣ್ಣೀರು ಹಾಕುತ್ತಾರೆ. ಆಯಿಯೂ ಪ್ರತಿವರ್ಷ ಹೋಗಿ ನಿಲ್ಲುತ್ತಿದ್ದಳು, ಅಳುತ್ತಿದ್ದಳು. ಚಿಕ್ಕವನಾಗಿದ್ದಾಗ ಅದನ್ನು ಭಕ್ತಿಯೆಂದು ತಿಳಿದಿದ್ದೆ. ಭಕ್ತಿಯೂ ಇದ್ದಿರಬೇಕು. ಆದರೆ ಸೊಸೆಯಾದವಳಿಗೆ ಮನೆಯಲ್ಲಿ ಮನಸಾರೆ ಅಳುವುದಕ್ಕೆ ಎಡೆಯೆಲ್ಲಿತ್ತು? ಆ ಎಡೆಯನ್ನು ಕರ್ಬಲೆಯ ಕೂಸು ಕೊಡುತ್ತಿತ್ತು.

ಇದು ನಮ್ಮ ಸೀಮೆಯೊಂದರ ಮಾತಲ್ಲ. ಹೋಮರನ ‘ಇಲಿಯಡ್’ ಕಾವ್ಯದ 19ನೆಯ ಭಾಗದಲ್ಲಿ ಪೆಟ್ರೋಕ್ಲಸನ ಶವದ ಮುಂದೆ ಸೆರೆಯಾಳು ಹೆಂಗಸರು ಅಳುತ್ತಾರೆ. ಸತ್ತವನು ಬರಿಯ ನೆಪ, ಅತ್ತದ್ದು ಅವರವರ ದುಃಖಕ್ಕಾಗಿ ಎಂದು ಕವಿಯೇ ಹೇಳುತ್ತಾನೆ. ಕಾವ್ಯಮೀಮಾಂಸೆಯ ತರಗತಿಯಲ್ಲಿ ನೀವು ಭಟ್ಟನಾಯಕನ ಸಾಧಾರಣೀಕರಣವನ್ನು ಓದುತ್ತೀರಿ. ಕಾವ್ಯದಲ್ಲಿ ಶೋಕವು ಒಬ್ಬ ವ್ಯಕ್ತಿಯ ಶೋಕವಾಗಿ ಉಳಿಯದೆ ಸಹೃದಯರೆಲ್ಲರಿಗೂ ಸಾಮಾನ್ಯವಾಗುತ್ತದೆ ಎಂಬುದು ಆ ವಿಚಾರ. ಅದನ್ನು ಕಲಿಸುವಾಗಲೆಲ್ಲ ನನಗೆ ಬೀಸುಕಲ್ಲು ನೆನಪಾಗುತ್ತದೆ. ಎಲ್ಲರದಾಗಿದ್ದ ಭಾಗೀರಥಿಯ ದುಃಖವನ್ನು ಆಯಿ ಆ ಒಂದು ಸಾಲಿನ ಬಳಿ ತನ್ನೊಬ್ಬಳದನ್ನಾಗಿ ಮಾಡಿಕೊಂಡಿದ್ದಳು. ಅಲ್ಲಿ ಅವಳಿಗೆ ಭಾಗೀರಥಿಯ ಉತ್ತರ ಬೇಕಿರಲಿಲ್ಲ. ತನ್ನ ಉತ್ತರವನ್ನು ಅವಳು ತಂದೆಗೆ ಎಂದೋ ಹೇಳಿಯಾಗಿತ್ತು.

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ನಾನು ತುಂಬಿದ ಸಾಲುಗಳನ್ನು ತೆಗೆದುಹಾಕಿ ‘ಬಿಡ್ಡ’ ಎಂಬುದನ್ನು ಅದರ ಜಾಗದಲ್ಲಿ ಮತ್ತೆ ಬರೆದಿದ್ದೇನೆ. ಆಯಿಗೆ ಓದಿ ಹೇಳುವ ಅವಕಾಶ ಮಾತ್ರ ಕಳೆದುಹೋಯಿತು. “ಇದು ನನ್ನ ಹಾಡಲ್ಲ” ಎಂದಾಗ ‘ಯಾಕೆ ಆಯಿ?’ ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ, ನಾನಂತೂ ಕೇಳಲಿಲ್ಲ.

ಆದ್ದರಿಂದ ಈ ವರ್ಷ ಹಳ್ಳಿಗಳಿಗೆ ಹೋಗುವವರಿಗೆ ನನ್ನ ಉತ್ತರವಿಷ್ಟೆ. ಹಾಡುವವರು ನಿಂತರೆ, ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ಆಗ ಅವರ ಕೈ ಏನು ಮಾಡುತ್ತಿತ್ತು ಎಂಬುದನ್ನು ಬರೆದುಕೊಳ್ಳಿ. ಅವರು ಆಡಿದ ಪದವನ್ನು ಆಡಿದಂತೆಯೇ ಬರೆಯಿರಿ, ಅದು ಯಾವ ಭಾಷೆಯದಾದರೂ ಸರಿ. ಬರೆದದ್ದನ್ನು ಅವರಿಗೆ ಓದಿ ತೋರಿಸಿ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಿ. ನನ್ನ ಕ್ಯಾಸೆಟ್ಟಿನಲ್ಲಿ ಆ ಜಾಗದಲ್ಲಿ ಇರುವುದು ಬೀಸುಕಲ್ಲು ತಿರುಗುವ ಸದ್ದು ಮಾತ್ರ.