ಮರಳು ಹಿಡಿದ ಪೊದೆ

ಕೊಚ್ಚಿಯಿಂದ ಹಡಗೇರಿ ಲಕ್ಷದ್ವೀಪದ ಕವರತ್ತಿಗೆ ಹೋದ ನಮ್ಮನ್ನು ಕಡಲ ದಡದಲ್ಲಿ ಸೆಳೆದದ್ದು ದಪ್ಪ ಹಸಿರೆಲೆಯ ಸ್ಕೇವೊಲ ಪೊದೆ. ಬಿಳಿ ಹೂವಿನ ಐದೂ ಎಸಳು ಒಂದೇ ಬದಿಗೆ; ಉಳಿದರ್ಧವನ್ನು ಯಾರೋ ಕಿತ್ತಂತೆ!

ಇದರ ಬಿಳಿ ಹಣ್ಣುಗಳು ಉಪ್ಪುನೀರಿನಲ್ಲಿ ತೇಲಿ ದೂರದ ದಡದಲ್ಲಿ ಮೊಳೆಯುತ್ತವೆ. ಗಾಳಿ, ಉಪ್ಪು ಸಹಿಸುವ ಪೊದೆ ಮರಳನ್ನು ಹಿಡಿದಿಡುತ್ತದೆ. ಇಲ್ಲಿನ ನೆಲವೋ ಹವಳದ ಮರಳು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ಇದೇ ದ್ವೀಪಸಮೂಹದ ಬಂಗಾರಂ ಬಳಿ, ಜನವಸತಿಯಿಲ್ಲದ ಪರಳಿ-1 ದ್ವೀಪವು ಪೂರ್ತಿ ಕೊಚ್ಚಿಹೋಗಿದೆಯೆಂದು 2017ರಲ್ಲಿ ವರದಿಯಾಯಿತು.

ಫೋಟೋಗೆ ಅಡ್ಡವೆಂದು ನಾವು ಕೊಂಬೆ ಮುರಿಯಹೋದಾಗ ದೋಣಿಯ ಹಿರಿಯರೊಬ್ಬರು ತಡೆದರು: “ಬಿಡಿ ಫಾದರ್, ಅದು ನಮ್ಮ ಅಂಗಳದ ಗೋಡೆ.”

ನಾಚಿ ಕೈ ಹಿಂತೆಗೆದೆವು. ಪ್ರಿಯರೇ, ನಮ್ಮೂರ ಕಡಲಂಚಿನ ಪೊದೆ ಕಡಿಯುವ ಮುನ್ನ ಅದು ಏನನ್ನು ಹಿಡಿದಿದೆಯೆಂದು ನೋಡೋಣ.